ಬೀ ಬಾಮ್ ಎಲೆ ತುಂಬಾ ಚುಕ್ಕಿ, ಈಗ ಚಿಗುರೂ ಮಾಯ: ಬೆಳೆಸಿದವರು ಹೇಳಿ

ಗಾಳಿಬೀಡಿನಿಂದ, ಕೇಳಿದವರು:
ಜೇನು ಬರಲಿ ಅಂತ ಕಳೆದ ವರ್ಷ ಬೀಜ ತರಿಸಿ ಬೀ ಬಾಮ್ ಹೂವಿನ ಗಿಡ ಹಾಕಿದ್ದೆ. ಅಮೆರಿಕದ ಗಿಡ, ಆದರೆ ನಮ್ಮ ಪುದೀನ, ತುಳಸಿಯ ಕುಟುಂಬದ್ದೇ. ಮಾರ್ಚಿನಿಂದ ಎಲೆ ಮೇಲೆ ಸೂಜಿ ಚುಚ್ಚಿದ ಹಾಗೆ ಹಳದಿ ಚುಕ್ಕಿ. ಅಂಗಡಿಯಲ್ಲಿ ಕೊಟ್ಟ ಹುಳದ ಔಷಧಿ ಎರಡು ಸಲ ಹೊಡೆದೆ, ಇನ್ನೂ ಜಾಸ್ತಿಯಾಯಿತು. ಈಗ ಎರಡು ಮಳೆ ಬಿದ್ದ ಮೇಲೆ ಬೆಳಿಗ್ಗೆ ಎದ್ದು ನೋಡಿದರೆ ಚಿಗುರೇ ಇಲ್ಲ!

ಸುಂಟಿಕೊಪ್ಪದಿಂದ:
ಅಕ್ಕಾ, ನಿಮ್ಮಲ್ಲಿ ಕಳ್ಳರು ಇಬ್ಬರು. ಚುಕ್ಕಿ ಬೀಳಿಸಿದವರು ಬೇರೆ, ಚಿಗುರು ತಿಂದವರು ಬೇರೆ.

ಚುಕ್ಕಿ ಜೇಡನುಸಿಯದ್ದೇ ಇರಬೇಕು. ಎಲೆ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆಗೆ ಮೆಲ್ಲಗೆ ತಟ್ಟಿ. ಖಾರದ ಪುಡಿ ಉದುರಿದ ಹಾಗೆ ಕಾಣುತ್ತದೆ. ಒಂದು ನಿಮಿಷ ಸುಮ್ನೆ ನೋಡುತ್ತಿರಿ. ಪುಡಿ ನಡೆಯೋಕೆ ಶುರು ಮಾಡಿದರೆ ಅದೇ ನುಸಿ. ಎಲೆಯ ಅಡಿಯಲ್ಲಿ ತೆಳು ಬಲೆಯೂ ಸಿಗಬಹುದು. ಕಾಫಿ ಹೂ ಅರಳಿಸುವ ಹೂಮಳೆ ತಡವಾದ ಬಿಸಿಲಲ್ಲಿ ಕಾಫಿ ಎಲೆ ಕಂದು ಬಣ್ಣಕ್ಕೆ ತಿರುಗುತ್ತದಲ್ವಾ, ಅಲ್ಲೂ ಇಂಥದ್ದೇ ನುಸಿಯ ಕೆಲಸ.

ಇದಕ್ಕೆ ಎಂಟು ಕಾಲು, ಜೇಡನ ಕಡೆಯದು. ಎಷ್ಟೋ ಕೀಟನಾಶಕ ಇದನ್ನು ಕೊಲ್ಲುವುದಿಲ್ಲ, ಇದನ್ನು ತಿನ್ನುವ ಹುಳಗಳನ್ನು ಕೊಲ್ಲುತ್ತದೆ. ಹೊಡೆದ ಮೇಲೆ ಜಾಸ್ತಿಯಾಗಿದ್ದು ಅದಕ್ಕೇ. ನಾನೂ ಹೀಗೇ ಒಂದು ವರ್ಷ ಗಿಡ ಕಳೆದುಕೊಂಡೆ.

ಈಗ ಪೈಪಿನಿಂದ ಎಲೆಯ ಅಡಿಗೇ ಬಿರುಸಾಗಿ ನೀರು ಹಾಯಿಸಿ. ಬೆಳಿಗ್ಗೆ ಹೊತ್ತು, ಮೂರು ದಿನಕ್ಕೊಮ್ಮೆ, ಎರಡು ವಾರ. ಬಗ್ಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ. ಮೊದಲು ಒಂದೆರಡು ಎಲೆಗೆ ಹೊಡೆದು ಒಂದು ದಿನ ಕಾಯಿರಿ. ಹೂ ಬಿಟ್ಟಿದ್ದರೆ ಹೂವಿಗೆ ತಾಗಿಸಬೇಡಿ. ತುಡುವೆ ಜೇನು ಗೂಡು ಸೇರಿದ ಮೇಲೆ, ಸಂಜೆಯೇ ಹೊಡೆಯಿರಿ. ಜೇನಿಗೆ ಅಂತ ಗಿಡ ಹಾಕಿ ಜೇನಿಗೇ ವಿಷ ಕೊಟ್ಟರೆ ಏನು ಬಂತು?

ಕುಡಿಯಲ್ಲಿ ಹಸಿರು ಹೇನು ಗುಂಪಾಗಿ ಕೂತು ಇರುವೆ ಓಡಾಡುತ್ತಿದ್ದರೂ ಇದೇ ನೀರಿನ ಏಟು ಸಾಕು. ಗುಲಗಂಜಿ ಹುಳು ಕಂಡರೆ ಅದೂ ಬೇಡ, ಅದೇ ತಿಂದು ಮುಗಿಸುತ್ತದೆ.

ಶನಿವಾರಸಂತೆಯಿಂದ:
ಚಿಗುರು ತಿಂದಿದ್ದು ಶಂಕುಹುಳು. ಆಫ್ರಿಕದ ಆ ದೊಡ್ಡ ಬಸವನಹುಳು. ನಮ್ಮ ಕಡೆ ತೋಟದವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ! ರಾತ್ರಿ ಊಟ ಮುಗಿಸಿ ಟಾರ್ಚ್ ಹಿಡಿದು ಹೋಗಿ. ಒದ್ದೆ ಗೋಣಿಚೀಲ ಹಾಸಿ ಕೆಳಗೆ ಪಪ್ಪಾಯಿ ಎಲೆ, ಕೋಸಿನ ಎಲೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಅಲ್ಲೇ ಸೇರಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ. ಮಿದುಳಿನ ಪೊರೆಗೆ ತೊಂದರೆ ಕೊಡುವ ಒಂದು ಹುಳು ಇದರಿಂದ ಮನುಷ್ಯರಿಗೆ ಬರಬಹುದು. ಗ್ಲೌಸ್ ಹಾಕಿ ಹೆಕ್ಕಿ, ಉಪ್ಪುನೀರಿನ ಬಕೆಟ್‌ಗೆ ಹಾಕಿ. ಉಪ್ಪನ್ನು ಮಣ್ಣಿಗೆ ಎರಚಬೇಡಿ, ಗಿಡ ಸಾಯುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಶಂಕುಹುಳು ಕೊಲ್ಲುವ ಗುಳಿಗೆ ವಿಷದ ಸಹವಾಸವೇ ಬೇಡ.

ವಿರಾಜಪೇಟೆಯಿಂದ:
ಒಂದು ಮಾತು. ಮಳೆ ಹೋಗಿ ಮಂಜು ಶುರುವಾದಾಗ ಎಲೆ ಬೆಳ್ಳಗಾದರೆ ಅದು ಹುಳ ಅಲ್ಲ, ಬೂದಿ ರೋಗ. ಬೆರಳಿಂದ ಒರೆಸಿದರೆ ಪುಡಿ ಅಂಟುತ್ತದೆ. ನಾನು ತೋಟಕ್ಕೆ ಕಲಸಿದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಉಳಿದಿತ್ತು ಅಂತ ಅದನ್ನೇ ಹೊಡೆದೆ. ರೋಗ ಹೋಗಲಿಲ್ಲ, ಎಲೆ ನೀಲಿಯಾಗಿದ್ದೇ ಲಾಭ. ಆಮೇಲೆ ಬುಡ ಬಿಡಿಸಿ ಒಂದೂವರೆ ಅಡಿಗೆ ಒಂದರಂತೆ ನೆಟ್ಟೆ. ಗಾಳಿ ಆಡಿತು, ಬೂದಿ ಕಡಿಮೆಯಾಯಿತು. ಗಂಧಕ ಹೊಡೆಯುವುದಾದರೆ ಬೇವಿನ ಎಣ್ಣೆ ಹೊಡೆದು ಎರಡು ವಾರ ಕಳೆದಿರಲಿ, ಇಲ್ಲದಿದ್ದರೆ ಎಲೆ ಸುಟ್ಟುಹೋಗುತ್ತದೆ.

ಗಾಳಿಬೀಡಿನಿಂದ:
ಹಾಳೆ ಹಿಡಿದೆ, ಪುಡಿ ನಡೆಯಿತು! ರಾತ್ರಿ ಕುಂಡದ ಹಿಂದೆ ಹನ್ನೊಂದು ಶಂಕುಹುಳು ಸಿಕ್ಕವು. ಸತ್ತದ್ದನ್ನು ಎಲ್ಲಿ ಹಾಕುವುದು ಅಣ್ಣಾ?

ಶನಿವಾರಸಂತೆಯಿಂದ:
ಗುಂಡಿ ತೋಡಿ ಹೂಳಿ, ಮೇಲೆ ಸುಣ್ಣ ಹಾಕಿ. ನಾಳೆ ಮತ್ತೆ ಟಾರ್ಚ್ ತೆಗೆದುಕೊಳ್ಳಿ, ಹನ್ನೊಂದಕ್ಕೇ ನಿಲ್ಲುವುದಿಲ್ಲ.