ರೇಷನ್ ಕಾರ್ಡಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ: ಚಿಕ್ಕಮಗಳೂರು ಗುಂಪಿನ ಪ್ರಶ್ನೋತ್ತರ

(ಉತ್ತರಿಸುತ್ತಿರುವವರು ಆಹಾರ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದ ನಮ್ಮ ಗುಂಪಿನ ಮೇಡಂ.)

ಪ್ರಶ್ನೆ, ಕಡೂರಿನಿಂದ: ಮೇಡಂ, ನಮ್ಮದು ಬಿಪಿಎಲ್ ಕಾರ್ಡ್, ನಾಲ್ಕು ಜನ. ಹೆಬ್ಬೆಟ್ಟು ಕೊಟ್ಟ ಮೇಲೆ ಅಂಗಡಿಯವರು ಎರಡು ಸೋಪು, ಒಂದು ಟೀಪುಡಿ ಪೊಟ್ಟಣ ಮುಂದಿಡುತ್ತಾರೆ. ತಗೊಂಡರೆ ಮಾತ್ರ ಅಕ್ಕಿ ಅಂತಾರೆ. ಬೇಡ ಅಂದರೆ 20 ರೂಪಾಯಿ ಕೊಡಿ ಅಂತಾರೆ. ಇದು ಸರ್ಕಾರದ್ದೇ ನಿಯಮವಾ?

ಉತ್ತರ: ಅಲ್ಲವೇ ಅಲ್ಲ. ಸೋಪು, ಟೀಪುಡಿ, ಸೇಮಿಗೆ ಯಾವುದೂ ನಿಮ್ಮ ರೇಷನ್ನಿನ ಭಾಗವಲ್ಲ. ಬೇಕಿದ್ದರೆ ತಗೊಳ್ಳಿ, ಬೇಡದಿದ್ದರೆ ಬಿಡಿ. ಅದನ್ನು ಅಕ್ಕಿಗೆ ಗಂಟು ಹಾಕುವ ಅಧಿಕಾರ ಯಾರಿಗೂ ಇಲ್ಲ. 20 ರೂಪಾಯಿಯೂ ಕೊಡಬೇಕಿಲ್ಲ. ಆಹಾರ ಭದ್ರತಾ ಕಾಯ್ದೆಯ ಧಾನ್ಯ 2023ರ ಜನವರಿಯಿಂದ ಪೂರ್ತಿ ಉಚಿತ. ಅಂಗಡಿಯವರಿಗೆ ಸರ್ಕಾರ ಕ್ವಿಂಟಾಲ್ ಲೆಕ್ಕದಲ್ಲಿ ಬೇರೆಯೇ ಕಮಿಷನ್ ಕೊಡುತ್ತದೆ. ಅದು ಕಡಿಮೆ, ತಡವಾಗಿ ಬರುತ್ತದೆ ಎಂಬ ಅವರ ಗೋಳು ಸುಳ್ಳಲ್ಲ. ಆದರೆ ಆ ಕೊರತೆಯನ್ನು ಕೂಲಿ ಮಾಡುವವರ ಜೇಬಿನಿಂದ ತುಂಬಿಸಿಕೊಳ್ಳುವುದು ಅನ್ಯಾಯ.

ಮುಂದಿನ ಸಲ ಮಷಿನ್‌ನಿಂದ ಬರುವ ಚೀಟಿ ಕೇಳಿ ಪಡೆಯಿರಿ. ನಿಮ್ಮ ಹೆಸರಿಗೆ ಎಷ್ಟು ಕೆ.ಜಿ. ಅಕ್ಕಿ, ಎಷ್ಟು ರಾಗಿ ಎಂದು ಅದರಲ್ಲಿರುತ್ತದೆ. ತೂಕದ ತಟ್ಟೆಯಲ್ಲಿ ಬಂದದ್ದಕ್ಕೂ ಚೀಟಿಗೂ ತಾಳೆ ನೋಡಿ. ಚೀಲ ಇಡುವ ಮೊದಲು ತಕ್ಕಡಿ ಸೊನ್ನೆ ತೋರಿಸುತ್ತಿದೆಯಾ ಎಂದು ಒಂದು ಕಣ್ಣಿಡಿ.

ಪ್ರಶ್ನೆ, ತರೀಕೆರೆಯಿಂದ: ಅಕ್ಕಿ ಬದಲು ಬೇಳೆ, ಎಣ್ಣೆ ತಗೋಬಹುದಾ? ಮೊದಲು ಖಾತೆಗೆ ದುಡ್ಡು ಬರುತ್ತಿತ್ತಲ್ಲ, ಅದೇನಾಯ್ತು?

ಉತ್ತರ: ನೀವಾಗಿ ಅದಲು ಬದಲು ಮಾಡಿಕೊಳ್ಳಲು ಆಗುವುದಿಲ್ಲ. ಕೇಂದ್ರದ ಕಾಯ್ದೆಯಲ್ಲಿ ಒಬ್ಬರಿಗೆ ತಿಂಗಳಿಗೆ 5 ಕೆ.ಜಿ. ಧಾನ್ಯ. ಅಂತ್ಯೋದಯ ಕಾರ್ಡಾದರೆ ತಲೆ ಲೆಕ್ಕವಿಲ್ಲ, ಮನೆಗೆ 35 ಕೆ.ಜಿ. ಅದರ ಮೇಲೆ ಅನ್ನಭಾಗ್ಯದಲ್ಲಿ ಇನ್ನೂ 5 ಕೆ.ಜಿ. ಕೊಡುತ್ತೇವೆ ಎಂದ ರಾಜ್ಯ ಸರ್ಕಾರಕ್ಕೆ 2023ರ ಜುಲೈನಲ್ಲಿ ಅಕ್ಕಿ ಸಿಗಲಿಲ್ಲ. ಹಾಗಾಗಿ ಕೆ.ಜಿ.ಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿ ಖಾತೆಗೆ ಹಾಕಿತು. ಅದು ನಿಮ್ಮ ದುಡ್ಡು, ಮೊಟ್ಟೆಗೋ ಮಾತ್ರೆಗೋ ಹೇಗೆ ಖರ್ಚು ಮಾಡಿದರೂ ಕೇಳುವವರಿರಲಿಲ್ಲ. 2025ರ ಫೆಬ್ರವರಿಯಿಂದ ದುಡ್ಡಿನ ಬದಲು ಅಕ್ಕಿಯೇ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಆ ಹೆಚ್ಚುವರಿ ಅಕ್ಕಿಯ ಜಾಗದಲ್ಲಿ ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡಲು ಸಚಿವ ಸಂಪುಟ ಒಪ್ಪಿತು. ನನಗಂತೂ ಇದು ಸರಿ ಅನ್ನಿಸಿತು. ಬರೀ ಅನ್ನದಿಂದ ಮಕ್ಕಳ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಪ್ರಶ್ನೆ, ಮೂಡಿಗೆರೆಯಿಂದ: ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಬರುತ್ತಿದೆ ಮೇಡಂ. ತೊಳೆಯುವಾಗ ತೇಲುತ್ತದೆ. ಅತ್ತೆ ಒಂದೊಂದೇ ಆರಿಸಿ ಕೋಳಿಗೆ ಹಾಕುತ್ತಾರೆ.

ಉತ್ತರ: ದಯವಿಟ್ಟು ಅತ್ತೆಗೆ ಇವತ್ತೇ ಹೇಳಿ, ಅದು ಪ್ಲಾಸ್ಟಿಕ್ ಅಲ್ಲ. ಇಡೀ ಚೀಲದಲ್ಲಿ ಸತ್ವ ಜಾಸ್ತಿ ಇರುವುದು ಆ ಕಾಳಿನಲ್ಲೇ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಯಂತ್ರದಲ್ಲಿ ಮತ್ತೆ ಅಕ್ಕಿಯ ಆಕಾರಕ್ಕೆ ಒತ್ತಿರುತ್ತಾರೆ. 100 ಕೆ.ಜಿ. ಅಕ್ಕಿಗೆ ಇಂಥ ಕಾಳು 1 ಕೆ.ಜಿ. ಸೇರಿಸುತ್ತಾರೆ. ಸಾರವರ್ಧಿತ ಅಕ್ಕಿ ಅನ್ನುವುದು ಇದನ್ನೇ. ಬಣ್ಣ ಸ್ವಲ್ಪ ಬೇರೆ, ಕೆಲವು ಕಾಳು ತೇಲುತ್ತವೆ, ಅಷ್ಟೇ. ಅನುಮಾನವಿದ್ದರೆ ನಾಲ್ಕು ಕಾಳು ಬೇರೆಯಾಗಿ ಬೇಯಿಸಿ ಬೆರಳಲ್ಲಿ ಹಿಸುಕಿ ನೋಡಿ, ಅನ್ನದ ಹಾಗೇ ಮೆತ್ತಗಾಗುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟಿದೆ ಅಂತ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಆ ಕಾಳನ್ನು ಕೋಳಿಗೆ ಹಾಕುತ್ತಾರೆ ಅಂದರೆ ಹೊಟ್ಟೆ ಉರಿಯುತ್ತದೆ. ತುಂಬ ಸಲ ತೊಳೆಯಬೇಡಿ, ಗಂಜಿ ಬಸಿದು ಚೆಲ್ಲಬೇಡಿ. ಮನೆಯಲ್ಲಿ ಥಲಸ್ಸೇಮಿಯಾ ಇರುವವರಿದ್ದರೆ ಮಾತ್ರ ವೈದ್ಯರನ್ನು ಕೇಳಿ ಕೊಡಿ.

ಪ್ರಶ್ನೆ, ಆಲ್ದೂರಿನಿಂದ: ನಮ್ಮ ತೋಟದ ಲೈನ್ ಮನೆಯಲ್ಲಿ ಅಸ್ಸಾಂನಿಂದ ಬಂದ ಕುಟುಂಬಗಳಿವೆ. ಅವರ ಊರಿನ ಕಾರ್ಡ್ ಇಲ್ಲಿ ನಡೆಯುತ್ತದಾ?

ಉತ್ತರ: ನಡೆಯುತ್ತದೆ. ಒಂದು ದೇಶ ಒಂದು ಪಡಿತರ ಚೀಟಿ ಬಂದ ಮೇಲೆ ಯಾವ ರಾಜ್ಯದ ಕಾರ್ಡಾದರೂ ಸರಿ. ಕಾರ್ಡಿಗೆ ಆಧಾರ್ ಜೋಡಣೆ ಆಗಿರಬೇಕು. ಅವರಿಗೆ ಕೇಂದ್ರದ ಪಾಲು ಮಾತ್ರ, ನಮ್ಮ ರಾಜ್ಯದ ಹೆಚ್ಚುವರಿ ಸಿಗುವುದಿಲ್ಲ. ಊರಲ್ಲಿ ಉಳಿದ ಅಪ್ಪ ಅಮ್ಮ ತಮ್ಮ ಪಾಲನ್ನು ಅಲ್ಲೇ ತಗೋಬಹುದು, ಇವರು ತಮ್ಮದನ್ನು ಇಲ್ಲಿ. ಎಷ್ಟೋ ತೋಟಗಳಲ್ಲಿ ಇದು ಗೊತ್ತಿಲ್ಲದೆ ಪೇಟೆ ದರಕ್ಕೆ ಅಕ್ಕಿ ಕೊಳ್ಳುತ್ತಿದ್ದಾರೆ. ನೀವೇ ಒಂದು ಸಲ ಜೊತೆಗೆ ಹೋಗಿ ತೋರಿಸಿಕೊಡಿ. ಭಾಷೆ ಬರದವರು ಅಂತ ವಾಪಸ್ ಕಳಿಸುವುದು ಆಗ ತಪ್ಪುತ್ತದೆ.

ಪ್ರಶ್ನೆ, ಚಿಕ್ಕಮಗಳೂರಿನಿಂದ: ಮಿಕ್ಕ ಅಕ್ಕಿ ಮಾರಿದರೆ ತಪ್ಪಾ? ಮನೆ ಬಾಗಿಲಿಗೇ ಬಂದು ಕೇಳುತ್ತಾರೆ.

ಉತ್ತರ: ತಪ್ಪು. ಕಾರ್ಡ್ ರದ್ದಾಗಬಹುದು, ಅಗತ್ಯ ವಸ್ತುಗಳ ಕಾಯ್ದೆಯಡಿ ಕೇಸೂ ಆಗಬಹುದು. ಬೇಡದಷ್ಟನ್ನು ಅಂಗಡಿಯಲ್ಲೇ ಬಿಡಿ.

ಮತ್ತೆ ಕಡೂರಿನವರು: ಮೇಡಂ, ದೂರು ಕೊಟ್ಟರೆ ಮುಂದಿನ ತಿಂಗಳು ಅಂಗಡಿಯವರು ಸತಾಯಿಸಿದರೆ? ಅದೇ ಭಯ.

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಆದರೆ ನೀವು ಆ ಒಂದೇ ಅಂಗಡಿಗೆ ಕಟ್ಟುಬಿದ್ದವರಲ್ಲ. ಕರ್ನಾಟಕದ ಯಾವ ನ್ಯಾಯಬೆಲೆ ಅಂಗಡಿಯಲ್ಲಿ ಬೇಕಾದರೂ ಹೆಬ್ಬೆಟ್ಟು ಕೊಟ್ಟು ರೇಷನ್ ಪಡೆಯಬಹುದು. ಈ ತಿಂಗಳು ಪಕ್ಕದೂರಿನ ಅಂಗಡಿಗೆ ಹೋಗಿ. ದೂರಿಗೆ 1967ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಬೀದಿಯ ನಾಲ್ಕು ಮನೆಯವರು ಒಂದೇ ಅರ್ಜಿಗೆ ಸಹಿ ಹಾಕಿ. ಅರ್ಜಿ ಬರೆಯಲು ಕಷ್ಟವಾದರೆ ವಿವರವನ್ನು ಇಲ್ಲೇ ಹಾಕಿ, ನಾನು ಬರೆದು ಕೊಡುತ್ತೇನೆ.