ಲೀಸ್ ಕಾರಿನಲ್ಲಿ ಇಂಗ್ಲೆಂಡಿನಿಂದ ಜಿನೀವಾಗೆ: ಏನೇನು ರೆಡಿ ಮಾಡಿಕೊಳ್ಳಬೇಕು?

ದಾರಿಹೋಕ:
ಎಲ್ಲರಿಗೂ ನಮಸ್ಕಾರ. ನಾವು ಬ್ರಿಟನ್ನಿಗೆ ಬಂದು ಮೂರು ವರ್ಷ ಆಯ್ತು. ಇಲ್ಲಿನ ಲೈಸೆನ್ಸ್ ಇದೆ, ಕಾರು ಲೀಸಿನದು, ಅಂದರೆ ಕಂಪನಿಯಿಂದ ದೀರ್ಘಾವಧಿ ಬಾಡಿಗೆಗೆ ತೆಗೆದುಕೊಂಡದ್ದು. ಮಕ್ಕಳ ಬೇಸಿಗೆ ರಜೆಯಲ್ಲಿ ಫೋಕ್‌ಸ್ಟನ್‌ನಲ್ಲಿ ಕಾರನ್ನು ರೈಲಿಗೆ ಹತ್ತಿಸಿ, ಕ್ಯಾಲೆಯಲ್ಲಿ ಇಳಿದು, ಫ್ರಾನ್ಸ್ ದಾಟಿ ಜಿನೀವಾ ತಲುಪುವ ಆಸೆ. ಷೆಂಗೆನ್ ವೀಸಾ ಕೈಗೆ ಬಂದಿದೆ. ಕಾರಿನ ಕಾಗದಪತ್ರದ್ದೇ ಗೊಂದಲ. ಸ್ವಂತ ಕಾರು ಇರುವ ಗೆಳೆಯರು ಲಾಗ್‌ಬುಕ್ (ಕಾರಿನ ನೋಂದಣಿ ಪತ್ರ) ಇದ್ದರೆ ಸಾಕು ಅನ್ನುತ್ತಾರೆ, ಆದರೆ ನಮ್ಮ ಕಾರಿನ ಲಾಗ್‌ಬುಕ್ ಲೀಸ್ ಕಂಪನಿ ಹತ್ತಿರ ಇದೆ. ಅವರಿಂದ ಫೋಟೋ ತರಿಸಿ ಪ್ರಿಂಟ್ ತೆಗೆದುಕೊಂಡರೆ ನಡೆಯುತ್ತದಾ? ಹೊರಡಲು ಆರು ವಾರ ಇದೆ. ರಸ್ತೆಯ ಬಲಗಡೆ ಓಡಿಸುವುದೂ ಇದೇ ಮೊದಲು.

ಮೈಲಿಗಲ್ಲು:
ಪ್ರಿಂಟ್ ನಡೆಯುವುದಿಲ್ಲ. ಲಾಗ್‌ಬುಕ್ ಅಂದರೆ ವಿ5ಸಿ. ಲೀಸ್ ಕಾರಿಗೆ ಅದರ ಬದಲು ವಿಇ103 ಅನ್ನುವ ಪತ್ರ ಬೇಕು. ಈ ಕಾರನ್ನು ದೇಶದ ಹೊರಗೆ ಒಯ್ಯಲು ನಿಮಗೆ ಅನುಮತಿ ಇದೆ ಅಂತ ತೋರಿಸುವ ಕಾಗದ ಅದೊಂದೇ. ಗರಿಷ್ಠ 12 ತಿಂಗಳು ನಡೆಯುತ್ತದೆ. ಮೊದಲು ಲೀಸ್ ಕಂಪನಿಗೆ ಬರೆಯಿರಿ, ಹೋಗುವ ದೇಶಗಳ ಹೆಸರು, ತಾರೀಕು, ಓಡಿಸುವವರು ಇಬ್ಬರಾದರೆ ಇಬ್ಬರ ಹೆಸರೂ ಕೊಡಿ. ಇಂದೇ ಬರೆಯಿರಿ, ಆರು ವಾರ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಒಪ್ಪಿಗೆ ಸಿಗುವ ಮುಂಚೆ ರೈಲು ಟಿಕೆಟ್ಟಿಗೂ ದುಡ್ಡು ಕಟ್ಟಬೇಡಿ.

ಒಟ್ಟು ಎಷ್ಟು ಮೈಲಿ ಓಡಿಸಬಹುದು ಅಂತ ಲೀಸ್ ಒಪ್ಪಂದದಲ್ಲಿರುವ ಮಿತಿಯನ್ನೂ ನೋಡಿಕೊಳ್ಳಿ. ಲಂಡನ್ ಕಡೆಯಿಂದ ಜಿನೀವಾಗೆ ಹೋಗಿ ಬರಲು ಸುಮಾರು 1,200 ಮೈಲಿ ಆಗುತ್ತದೆ, ಅಲ್ಲಿ ಸುತ್ತಾಡುವುದು ಬೇರೆ. ಒಪ್ಪಂದದ ಮಿತಿಗಿಂತ ಜಾಸ್ತಿ ಓಡಿಸಿದರೆ ಕಾರು ವಾಪಸ್ ಕೊಡುವಾಗ ಮೈಲಿಗಿಷ್ಟು ಅಂತ ಲೆಕ್ಕ ಹಾಕುತ್ತಾರೆ.

ಹಸಿರುಕಣಿವೆ:
ನನ್ನ ಅನುಭವದಲ್ಲಿ ಕಾಗದಕ್ಕಿಂತ ಬ್ರೇಕ್‌ಡೌನ್ ಕವರ್ (ದಾರಿಯಲ್ಲಿ ಕಾರು ಕೆಟ್ಟರೆ ನೆರವು ಕೊಡುವ ವ್ಯವಸ್ಥೆ) ದೊಡ್ಡದು. ಲೀಸಿನ ಜೊತೆ ಬಂದ ಕವರ್ ಎಲ್ಲಾ ಕಡೆ ನಡೆಯುತ್ತದೆ ಅಂದುಕೊಂಡು ಹೋಗಿದ್ದೆವು. ಫ್ರಾನ್ಸಿನ ಡೀಜೋನ್ ಹತ್ತಿರ ಹೈವೇಯಲ್ಲಿ ಕಾರು ನಿಂತೇಬಿಟ್ಟಿತು. ಫೋನ್ ಮಾಡಿದರೆ ಕವರ್ ಬ್ರಿಟನ್ನಿಗೆ ಮಾತ್ರ ಅಂದರು, ಮಗು ಬಿಸಿಲಲ್ಲಿ ಅಳುತ್ತಿತ್ತು, ನಮಗೆ ಭಾಷೆ ಬರುವುದಿಲ್ಲ. ಫ್ರಾನ್ಸಿನ ಹೈವೇಗಳಲ್ಲಿ ನಾವು ಕರೆದ ಟೋಯಿಂಗ್ ಗಾಡಿ ಬರುವ ಹಾಗಿಲ್ಲ, ಅಲ್ಲಿ ಪರವಾನಗಿ ಇರುವವರೇ ಬರಬೇಕು. ಪಕ್ಕದಲ್ಲಿರುವ ಕಿತ್ತಳೆ ಬಣ್ಣದ ಫೋನಿನಿಂದ ಅಥವಾ 112ಕ್ಕೆ ಕರೆ ಮಾಡಿ. ಎಲ್ಲರೂ ಮೊದಲು ತಡೆಗೋಡೆಯ ಆಚೆ ಹೋಗಿ ನಿಲ್ಲಿ. ರಸೀದಿ ಇಟ್ಟುಕೊಳ್ಳಿ, ಯುರೋಪ್ ಕವರ್ ಇದ್ದರೆ ಆಮೇಲೆ ದುಡ್ಡು ಕೇಳಬಹುದು. ನಮಗೆ ಪೈಸೆಯೂ ಬರಲಿಲ್ಲ.

ಇನ್ಶೂರೆನ್ಸೂ ಹಾಗೇ. ಇಲ್ಲಿ ಫುಲ್ ಕವರ್ ಇದ್ದರೂ ಕೆಲವು ಪಾಲಿಸಿಗಳಲ್ಲಿ ಹೊರದೇಶಕ್ಕೆ ಥರ್ಡ್ ಪಾರ್ಟಿ ಮಾತ್ರ, ಕೆಲವದರಲ್ಲಿ ದಿನಗಳ ಮಿತಿ. ಕಾರು ನಮ್ಮದಲ್ಲ ಅಲ್ವಾ, ಅಲ್ಲಿ ಜಖಂ ಆದರೆ ಪೂರ್ತಿ ಹೊರೆ ನಮ್ಮ ತಲೆಗೇ ಬರುತ್ತದೆ. ಫೋನಿನಲ್ಲಿ ಕೇಳಿ ಬಿಡಬೇಡಿ, ಬರೆದು ಕಳಿಸಲು ಹೇಳಿ.

ಎಡಬಲ:
ಓಡಿಸುವುದರ ಬಗ್ಗೆ ನಾನು ಹೇಳುತ್ತೇನೆ. ಹೈವೇ ಕಷ್ಟವೇ ಇಲ್ಲ. ಪೆಟ್ರೋಲ್ ಬಂಕ್‌ನಿಂದ ಹೊರಗೆ ಬರುವ ಕ್ಷಣವೇ ಅಪಾಯ, ಕೈ ತಾನಾಗಿ ಎಡಕ್ಕೆ ತಿರುಗಿಸಿಬಿಡುತ್ತದೆ. ಪಕ್ಕದಲ್ಲಿ ಕೂತವರು ಪ್ರತಿ ಸಲ "ಬಲಕ್ಕೆ" ಅಂತ ಬಾಯಿಬಿಟ್ಟು ಹೇಳಲಿ. ಊರೊಳಗೆ ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು, ಅದು ಸಣ್ಣ ಗಲ್ಲಿಯಾದರೂ ಸರಿ. ಫ್ರಾನ್ಸಿನ ಹೈವೇಯಲ್ಲಿ ವೇಗದ ಮಿತಿ ಗಂಟೆಗೆ 130 ಕಿ.ಮೀ., ಮಳೆ ಬಂದರೆ 110.

ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯದಂತೆ ಹೊಂದಿಸಬೇಕು. ಕೆಲವು ಕಾರುಗಳಲ್ಲಿ ಮೆನುವಿನಲ್ಲೇ ಬದಲಿಸಬಹುದು, ಇಲ್ಲದಿದ್ದರೆ ಸ್ಟಿಕರ್ ಸಿಗುತ್ತದೆ. ಕಾರು ಕೆಟ್ಟು ನಿಂತಾಗ ರಸ್ತೆಯಲ್ಲಿ ಇಡುವ ಎಚ್ಚರಿಕೆಯ ತ್ರಿಕೋನ ಬೇಕು. ಹೊಳೆಯುವ ಜಾಕೆಟ್ ಡಿಕ್ಕಿಯಲ್ಲಿ ಬೇಡ, ಕೂತಲ್ಲೇ ಕೈಗೆ ಸಿಗಬೇಕು. ನಂಬರ್ ಪ್ಲೇಟಿನಲ್ಲಿ ಯುಕೆ ಗುರುತು ಇಲ್ಲದಿದ್ದರೆ ಹಿಂದೆ ಯುಕೆ ಸ್ಟಿಕರ್ ಹಚ್ಚಿ, 2021ರ ಸೆಪ್ಟೆಂಬರ್ 28ರಿಂದ ಹಳೇ ಜಿಬಿ ನಡೆಯುವುದಿಲ್ಲ.

ದಾರಿಹೋಕ:
ತುಂಬಾ ಉಪಕಾರ ಆಯ್ತು. ಈಗಷ್ಟೇ ಲೀಸ್ ಕಂಪನಿಗೆ ಮೇಲ್ ಕಳಿಸಿದೆ. ಸ್ವಿಸ್ ಹೈವೇಗೆ ಒಂದು ಸ್ಟಿಕರ್ ಬೇಕಂತೆ, ಲೀಸ್ ಕಾರಿನ ಗಾಜಿಗೆ ಅಂಟಿಸಬಹುದಾ?

ಮೈಲಿಗಲ್ಲು:
ಅಂಟಿಸುವುದೇ ಬೇಡ. 2023ರಿಂದ ಇ-ವಿನ್ಯೆಟ್ (ಆ ಸ್ಟಿಕರ್ ಬದಲು ಆನ್‌ಲೈನಿನಲ್ಲಿ ಕೊಳ್ಳುವ ಹೈವೇ ಪಾಸ್) ಬಂದಿದೆ, 40 ಫ್ರಾಂಕ್, ನಂಬರ್ ಪ್ಲೇಟಿನ ಮೇಲೆ ದಾಖಲಾಗುತ್ತದೆ. ಸ್ವಿಸ್ ಸರ್ಕಾರದ ಸೈಟಿನಲ್ಲೇ ಕೊಳ್ಳಿ, ಜಾಸ್ತಿ ದುಡ್ಡು ಕೀಳುವ ಮಧ್ಯವರ್ತಿ ಸೈಟುಗಳು ಬೇಕಾದಷ್ಟಿವೆ. ನಂಬರ್ ಹಾಕುವಾಗ ಎರಡು ಸಲ ನೋಡಿ.