ಹುಟ್ಟುವ ಮೊದಲೇ ತಂದೆ ಯಾರೆಂದು ರಕ್ತ ಹೇಳುತ್ತದಾ?

ಪ್ರಶ್ನೆ (ವಕೀಲೆ, ಕೊಪ್ಪಳ): ಸರ್, ಪೋಕ್ಸೋ ಕೇಸೊಂದರಲ್ಲಿ ಹುಡುಗಿಯ ಪರ ಇದ್ದೇನೆ. ಅವಳಿಗೀಗ 12 ವಾರದ ಗರ್ಭ. ಆರೋಪಿಗಳು ಅಣ್ಣ-ತಮ್ಮ. ತಾಯಿಯ ರಕ್ತದಿಂದಲೇ ಮಗುವಿನ ತಂದೆಯನ್ನು ಪತ್ತೆ ಮಾಡುತ್ತಾರಂತೆ. ಮಾಡಿಸಬಹುದಾ?

ಉತ್ತರ (ಡಿಎನ್‌ಎ ವಿಭಾಗದ ನಿವೃತ್ತ ವಿಜ್ಞಾನಿ, ಬಳ್ಳಾರಿ): ಮೇಡಂ, ಮೊದಲು ಪೋಸ್ಟ್‌ನಿಂದ ಹಳ್ಳಿಯ ಹೆಸರು ತೆಗೆಯಿರಿ. ಹುಡುಗಿಯ ಗುರುತು ಸಿಗುವ ಸುಳಿವು ಕೊಟ್ಟರೂ ಪೋಕ್ಸೋದಲ್ಲಿ ತಪ್ಪು.

ವಕೀಲೆ: ತೆಗೆದೆ ಸರ್.

ಉತ್ತರ: ನೀವು ಕೇಳಿದ್ದು ಸುಳ್ಳಲ್ಲ. ಮಗುವಿನ ಡಿಎನ್‌ಎ ಚೂರುಗಳು ತಾಯಿಯ ರಕ್ತದಲ್ಲಿ ತೇಲುತ್ತವೆ ಎಂದು ಡೆನ್ನಿಸ್ ಲೋ ತಂಡ 1997ರಲ್ಲೇ ತೋರಿಸಿತು. ಆದರೆ 12 ವಾರದ ಹೊತ್ತಿಗೆ ಅದು ನೂರಕ್ಕೆ ಸುಮಾರು ಹತ್ತು, ಉಳಿದದ್ದೆಲ್ಲ ತಾಯಿಯದೇ. ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕುಗಳ ಎಣಿಕೆ ನೋಡುವ, ನಾವು ದಿನಾ ಮಾಡುವ ಎಸ್‌ಟಿಆರ್ ಪರೀಕ್ಷೆಯಲ್ಲಿ ತಾಯಿಯದು ಮಗುವಿನದನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಒಂದೊಂದೇ ಅಕ್ಷರದ ವ್ಯತ್ಯಾಸಗಳನ್ನು, ಅಂದರೆ ಎಸ್‌ಎನ್‌ಪಿಗಳನ್ನು, ರಾಶಿಗಟ್ಟಲೆ ಓದಬೇಕು. ತಂದೆಯಿಂದ ಗಂಡುಮಕ್ಕಳಿಗೆ ಬರುವ ವೈ ಕ್ರೋಮೋಸೋಮ್ ನೋಡಿದರೆ ಸಾಕಲ್ವಾ ಅನ್ನುತ್ತಾರೆ ಕೆಲವರು. ಗಂಡು ಮಗುವಾದರೆ ಮಾತ್ರ ಅದು ಸಿಗುತ್ತದೆ. ಸಿಕ್ಕರೂ ಅಣ್ಣ-ತಮ್ಮಂದಿರದು ಒಂದೇ!

ತೊಡಕು ಕಾನೂನಿನದು. ಹುಟ್ಟುವ ಮೊದಲಿನ ಪರೀಕ್ಷೆ ಯಾವುದಕ್ಕೆ ಮಾಡಬಹುದು ಎಂದು ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲಿ ಪಟ್ಟಿ ಇದೆ. ಕ್ರೋಮೋಸೋಮ್ ದೋಷ, ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ, ಹೀಗೆ. ತಂದೆ ಯಾರು ಅನ್ನುವುದು ಅದರಲ್ಲಿಲ್ಲ. ಜಾಹೀರಾತು ನೋಡಿ ಸುಮ್ನೆ ಖಾಸಗಿ ಲ್ಯಾಬಿಗೆ ರಕ್ತ ಕಳಿಸಬೇಡಿ.

ವಕೀಲೆ: ಹಾಗಾದರೆ ಹೆರಿಗೆವರೆಗೆ ಕಾಯಬೇಕಾ? ಗರ್ಭ ತೆಗೆಸೋಣ ಅಂತಿದ್ದಾರೆ ಹುಡುಗಿ, ಅವಳಮ್ಮ.

ಉತ್ತರ: ಅದು ಅವರ ತೀರ್ಮಾನ. ಸಾಕ್ಷ್ಯಕ್ಕೋಸ್ಕರ ಒಂದು ದಿನವೂ ತಡ ಮಾಡಿಸಬೇಡಿ. ತೆಗೆಸಿದರೆ ಆ ಅಂಗಾಂಶವೇ ಸಾಕ್ಷ್ಯ, ಮಾಮೂಲಿ ಎಸ್‌ಟಿಆರ್ ಸಾಕು. ಆದರೆ ತನಿಖಾಧಿಕಾರಿಯ ಪತ್ರ ಆಸ್ಪತ್ರೆಗೆ ಮೊದಲೇ ತಲುಪಬೇಕು. ಅದರಲ್ಲಿ 'ಫಾರ್ಮಲಿನ್ ಹಾಕಬೇಡಿ' ಎಂದು ದಪ್ಪಕ್ಷರದಲ್ಲಿ ಬರೆಸಿ. ಅಂಗಾಂಶ ಕೊಳೆಯದಂತೆ ಆಸ್ಪತ್ರೆಯವರು ಹಾಕುವ ದ್ರಾವಣ ಅದು. ಒಂದು ಮೇ ತಿಂಗಳಲ್ಲಿ ರಾಯಚೂರು ಕಡೆಯಿಂದ ಡಬ್ಬಿ ಬಂತು. ಸೀಲು, ಸಹಿ ಎಲ್ಲಾ ಸರಿ. ಮುಚ್ಚಳ ತೆಗೆದರೆ ಕಣ್ಣುರಿ! ಫಾರ್ಮಲಿನ್‌ನಲ್ಲಿ ಡಿಎನ್‌ಎ ಹಾಳಾಗಿತ್ತು. ಮೂರು ಸಲ ಮಾಡಿದರೂ ಏನೂ ಬರಲಿಲ್ಲ.

ಸಲೈನ್‌ನಲ್ಲಿಟ್ಟು, ಐಸ್ ಬಾಕ್ಸಿನಲ್ಲಿ ಅವತ್ತೇ ಹೊರಡಿಸಿ. ಹುಡುಗಿಯ ರಕ್ತ, ಆ ಇಬ್ಬರ ರಕ್ತವೂ ಬೇಕು. ಅವರು ಅಣ್ಣ-ತಮ್ಮ ಎಂದು ಲ್ಯಾಬಿನ ಪತ್ರದಲ್ಲಿ ತಿಳಿಸಿ. ಒಡಹುಟ್ಟಿದವರಲ್ಲಿ ಹೊಂದಿಕೆ ಜಾಸ್ತಿ, ಹೆಚ್ಚು ಮಾರ್ಕರ್, ಅಂದರೆ ಡಿಎನ್‌ಎಯಲ್ಲಿ ಹೋಲಿಸುವ ಜಾಗಗಳನ್ನು, ನೋಡಬೇಕಾಗಬಹುದು.

ನರ್ಸ್, ಮಾನ್ವಿ: ಸಲೈನ್ ಅಂದರೆ ಡ್ರಿಪ್‌ಗೆ ಹಾಕುವ ಎನ್‌ಎಸ್ ಅಲ್ವಾ ಸರ್?

ಉತ್ತರ: ಅದೇ ಕಣಮ್ಮ. ಹೊಸ ಬಾಟ್ಲಿ ತೆರೆದು ಹಾಕಿ.